ಹೊತ್ತು ಮುಳುಗುವ ಲೆಕ್ಕ

ಡಿಸೆಂಬರಿನ ಡಂಡಿಯಲ್ಲಿ
ಸೂರ್ಯ ಮೂರೂವರೆಗೆಲ್ಲ ಕೈ ತೊಳೆದುಕೊಳ್ಳುತ್ತಾನೆ.
ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಮನೆತನ ನಮ್ಮದು.
ಹಾಗಾಗಿ ನಮ್ಮ ಶಾಲೆಯ ಮೊದಲ ಲೆಕ್ಕ ಇದು:
ಅನ್ನ ಬೇಯಲು ಇಪ್ಪತ್ತು ನಿಮಿಷ,
ಸಾರು ಕುದಿಯಲು ಹದಿನೈದು,
ಶ್ರೇಯಾಂಸನ ಕೆಸರು ಬೂಟು ಬಿಚ್ಚಲು ಹತ್ತು,
ಹಾಗಾದರೆ ಕುಕ್ಕರ್ ಎಷ್ಟು ಗಂಟೆಗೆ ಇಡಬೇಕು?

ಸುನಂದೆ ಬೆರಳು ಮಡಚುತ್ತಾಳೆ. ಅವಳಿಗೆ ಎಂಟು.
ಸಾಲದಾದಾಗ ತಮ್ಮನ ಬೆರಳು ಸಾಲ ತರುತ್ತಾಳೆ.
ಬಡ್ಡಿಗೆ ಅವನು
ಒಂದು ಒಣದ್ರಾಕ್ಷಿ ಕೇಳುತ್ತಾನೆ.
ಜೂನಿನಲ್ಲಿ ರಾತ್ರಿ ಹತ್ತರವರೆಗೆ ಬೆಳಕಂತಲ್ಲ,
ಆಗ ಎಷ್ಟು ಸಲ ಉಣ್ಣಬಹುದು ಅಪ್ಪಾ?

ಅಡುಗೆಮನೆಯ ಮೇಜೇ ಶಾಲೆ.
ಒಂದು ಕಾಲು ಗಿಡ್ಡ, ಅದರಡಿ ನಾಲ್ಕಾಗಿ ಮಡಚಿದ
ಕೌನ್ಸಿಲ್ಲಿನ ಹಳೆಯ ಪತ್ರ.
ಗಂಟೆ ಇಲ್ಲ, ಸೀಟಿ ಉಂಟು.
ಹಾಜರಿ ಕೂಗಿದರೆ ಪಕ್ಕದ ಮನೆಯ ಬೆಕ್ಕೂ ಬರುತ್ತದೆ.

ಹೋದ ವರ್ಷ ಅವಳು ನಿಜದ ಶಾಲೆಯಲ್ಲಿದ್ದಳು.
ಐದು ತಿಂಗಳು ಅಲ್ಲಿ ಒಂದು ಮಾತೂ ಆಡಲಿಲ್ಲ.
ಟೀಚರು ಒಳ್ಳೆಯವರು, ದೂರಲಾರೆ.
ಮೌನಕ್ಕೂ ಒಂದು ಸ್ಟಿಕ್ಕರ್ ಅಂಟಿಸಿ ಕಳಿಸಿದರು,
ಹಸಿರು ನಕ್ಷತ್ರ: ಚೆನ್ನಾಗಿ ಕೇಳಿಸಿಕೊಂಡಳು.
ಮನೆ ಮುಟ್ಟಿದ್ದೇ ತಡ, ಕೋಟು ತೆಗೆಯುವ ಮೊದಲೇ
ದಿನವಿಡೀ ಮಡುಗಟ್ಟಿದ ಮಾತು
ಒಡ್ಡು ಒಡೆದು ಬರುತ್ತಿತ್ತು.
ಒಂದು ದಿನ ಅದೂ ನಿಂತಿತು.
ಆ ರಾತ್ರಿ ನಾನು ಬಸ್ ಡಿಪೋದ ಕೆಲಸ ಬಿಡುತ್ತೇನೆಂದು ಕಾಗದ ಬರೆದೆ.
ಪ್ರಭಾವತಿ ಆಸ್ಪತ್ರೆಯಿಂದ ಬಂದು, ನಿಂತೇ ಓದಿ,
ಒಂದು ಸ್ಪೆಲಿಂಗ್ ತಿದ್ದಿದಳು. ಅಷ್ಟೇ.

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಒಬ್ಬ ಅರಸ
ಇಬ್ಬರು ಹೆಣ್ಣುಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು
ಬಲಗೈಯಲ್ಲಿ ಒಬ್ಬಳಿಗೆ ಅಕ್ಷರ,
ಎಡಗೈಯಲ್ಲಿ ಇನ್ನೊಬ್ಬಳಿಗೆ ಅಂಕಿ
ಕಲಿಸಿದನಂತೆ.
ಅವನ ಮನೆಯ ಅಡುಗೆ ಯಾರು ಮಾಡುತ್ತಿದ್ದರೋ
ಅಜ್ಜಿ ಹೇಳಲಿಲ್ಲ.
ನನ್ನ ಬಲಗೈಯಲ್ಲಿ ಸೌಟು,
ಎಡಗೈಯಲ್ಲಿ ಶ್ರೇಯಾಂಸನ ಒದ್ದೆ ಚಡ್ಡಿ.
ಅಕ್ಷರ, ಅಂಕಿ ಎರಡೂ ಬಾಯಿಮಾತಲ್ಲೇ,
ಒಮ್ಮೊಮ್ಮೆ ಕೂಗಿನಲ್ಲಿ.
ಕೂಗಿದ ದಿನ ನಾನೇ ಮೂಲೆಯಲ್ಲಿ ನಿಲ್ಲಬೇಕು.
ಶಿಕ್ಷೆಯ ಅವಧಿ ಅವರೇ ಎಣಿಸುತ್ತಾರೆ,
ಕನ್ನಡದಲ್ಲಿ, ನೂರರವರೆಗೆ,
ಎಪ್ಪತ್ತೊಂಬತ್ತಾದ ಮೇಲೆ ಮತ್ತೆ ಎಪ್ಪತ್ತು.

ನಿನ್ನೆ ಕೌನ್ಸಿಲ್ಲಿನಿಂದ ಐಲ್ಸಾ ಎನ್ನುವವರು ಬಂದಿದ್ದರು.
ತೊಯ್ದ ಕೊಡೆ, ಒಂದು ಫೈಲು.
ವೇಳಾಪಟ್ಟಿ ಇದೆಯೇ, ಎಂದರು.
ನಾನು ತಡವರಿಸುತ್ತಿರುವಾಗ
ಸುನಂದೆ ತನ್ನ ನೋಟ್‌ಬುಕ್ ತಂದು ಅವರೆದುರು ಇಟ್ಟಳು.
ಆಗಸ್ಟಿನಿಂದ ದಿನವೂ ಅಟ್ಟದ ಕಿಟಕಿಯಲ್ಲಿ ಕೂತು
ಟೇ ನದಿಯಾಚೆ ಬೆಳಕು ಇಳಿದ ಹೊತ್ತು ಬರೆದಿದ್ದಾಳೆ.
ಮೋಡದ ದಿನ, "ಸೂರ್ಯನಿಗೆ ರಜೆ."
ಅವಳಿಗೆ ಜ್ವರ ಬಂದ ದಿನ ತಮ್ಮ ಬರೆದದ್ದು
ಬರೀ ಒಂದು ಸೊನ್ನೆ, ಕಿತ್ತಳೆ ಬಣ್ಣದ್ದು.

ಇದೆಲ್ಲ ಯಾಕಮ್ಮಾ, ಎಂದು
ಅವಳನ್ನೇ ಕೇಳಿದರು.
ಹೊರಗಿನವರೆದುರು ಅವಳ ಗಂಟಲು
ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ನನಗೆ ಗೊತ್ತು.
ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಕಚ್ಚಿ ಹಿಡಿದೆ.
ಕುಕ್ಕರ್ ಒಂದು ಸೀಟಿ ಹಾಕಿತು.
ಎರಡು.

ಊಟಕ್ಕೆ, ಎಂದಳು ಸುನಂದೆ,
ಅವರ ಕೊಡೆಯನ್ನು ನೋಡುತ್ತ, ಅವರದೇ ಭಾಷೆಯಲ್ಲಿ.
ಆಮೇಲೆ ಸ್ವಲ್ಪ ತಡೆದು,
ನೀವೂ ಬೇಗ ಕೂರಬೇಕು,
ಇನ್ನು ಹನ್ನೊಂದೇ ನಿಮಿಷ.

ಐಲ್ಸಾ ಗಡಿಯಾರ ನೋಡಿದರು, ಕಿಟಕಿ ನೋಡಿದರು,
ಕೋಟು ಬಿಚ್ಚಿದರು.
ಮೇಜಿನ ಮೇಲೆ ಮೂರು ಚಮಚ ಇದ್ದವು.
ನಾಲ್ಕನೆಯದನ್ನು ಶ್ರೇಯಾಂಸ ಹಿತ್ತಿಲ ಮಣ್ಣಿನಿಂದ ಅಗೆದು ತಂದ.
ತೊಳೆದುಕೊಟ್ಟೆ.
ಫೈಲಿನಲ್ಲಿ ಅವರು ಏನು ಬರೆದುಕೊಂಡರೋ ತಿಳಿಯದು,
ಸಾರಿನ ಒಂದು ಹನಿ ಬಿದ್ದು
ಆ ಸಾಲು ಹರಡಿಕೊಂಡಿತ್ತು.